ಮತ್ತೆ ಕಡ್ಡಿ ಹಿಡಿದವರಿಗೆ: ಉಲ್ಲನ್ ಹೆಣಿಗೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಉಲ್ಲನ್ ಉಂಡೆಗಳ ಚೀಲ ಹಿಡಿದುಕೊಂಡು ನಡೆದರೆ ಸಾಕು, ಯಾರಾದರೂ ನಿಲ್ಲಿಸುತ್ತಾರೆ. "ಅಕ್ಕಾ, ಇನ್ನೂ ಹೆಣೀತೀರಾ? ನಾನೂ ಹಾಕ್ತಿದ್ದೆ, ಮದುವೆಗೆ ಮುಂಚೆ." ಅದರ ಹಿಂದೆಯೇ ಪ್ರಶ್ನೆಗಳು. ನಾನು ಕಲಿತಿದ್ದು 1987ರ ಪಿಯುಸಿ ರಜೆಯಲ್ಲಿ, ತೀರ್ಥಹಳ್ಳಿ ಹತ್ತಿರದ ನಮ್ಮೂರಿನಲ್ಲಿ, ಪಕ್ಕದ ಮನೆ ದೊಡ್ಡಮ್ಮನ ಕೈಯಿಂದ. ಬಿಟ್ಟಿದ್ದು 1996ರಲ್ಲಿ. ಮತ್ತೆ ಕಡ್ಡಿ ಹಿಡಿದಿದ್ದು 2018ರ ಮಳೆಗಾಲದಲ್ಲಿ. ನಡುವೆ 22 ವರ್ಷ ಹೋಯಿತು. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಫೋನಿನಲ್ಲಿ ಜನ ಕೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಇಷ್ಟು ವರ್ಷ ಬಿಟ್ಟಿದ್ದೇನೆ. ಕೈಗೆ ನೆನಪು ಇರುತ್ತದಾ?

ಕೈಗೆ ಇರುತ್ತದೆ, ತಲೆಗೆ ಇರುವುದಿಲ್ಲ. ಮೊದಲ ದಿನ ಜಗಲಿಯಲ್ಲಿ ಕೂತು, ಮೊದಲ ಸಾಲಿನ ಕುಣಿಕೆ ಹಾಕಿಕೊಳ್ಳುವುದು ಹೇಗೆ ಎಂದು ಯೋಚಿಸಿ ಯೋಚಿಸಿ ಸಾಕಾಯಿತು. ಹೆಬ್ಬೆರಳಿಗೆ ದಾರ ಸುತ್ತಬೇಕಾ, ತೋರುಬೆರಳಿಗಾ? ಒಂದೂ ಹೊಳೆಯಲಿಲ್ಲ. ಅಷ್ಟರಲ್ಲಿ ಒಳಗಿಂದ ಅಮ್ಮ ಏನೋ ಕೇಳಿದರು. ಉತ್ತರ ಹೇಳುತ್ತಾ ಕೆಳಗೆ ನೋಡಿದರೆ ಕಡ್ಡಿಯ ಮೇಲೆ ಆರು ಕುಣಿಕೆ! ನಾನು ನೋಡುತ್ತಿದ್ದಂತೆ ಏಳನೆಯದು ಮತ್ತೆ ಕೈಕೊಟ್ಟಿತು.

ಸೀದಾ (ದಾರ ಹಿಂದೆ ಇಟ್ಟುಕೊಂಡು ಹೆಣೆಯುವುದು), ಉಲ್ಟಾ (ದಾರ ಮುಂದೆ ಇಟ್ಟುಕೊಂಡು ಹೆಣೆಯುವುದು), ಬಾರ್ಡರ್ ಇವೆಲ್ಲ ಒಂದು ಗಂಟೆಯಲ್ಲಿ ವಾಪಸ್ ಬರುತ್ತವೆ. ಕುತ್ತಿಗೆ ಇಳಿಸುವುದು, ಹೆಗಲು ಜೋಡಿಸುವುದು, ತೋಳು ಕೂರಿಸುವುದು ಬರುವುದಿಲ್ಲ. ಅವು ಕೈಯ ನೆನಪಲ್ಲ, ಲೆಕ್ಕ. ಅದನ್ನು ಹೊಸದಾಗಿ ಕಲಿಯಬೇಕು, ನಾಚಿಕೆ ಏನಿಲ್ಲ.

ಇನ್ನೊಂದು ವಿಷಯ. ಶುರುವಿನಲ್ಲಿ ಎಲ್ಲರೂ ಬಿಗಿಯಾಗಿ ಹೆಣೆಯುತ್ತಾರೆ. ಕುಣಿಕೆ ಜಾರುತ್ತದೆ ಎನ್ನುವ ಭಯಕ್ಕೆ ದಾರ ಎಳೆದೂ ಎಳೆದೂ ಕಡ್ಡಿ ಒಳಗೆ ಹೋಗದ ಹಾಗಾಗುತ್ತದೆ. ಮೊದಲ ಸಾಲಿನ ಕುಣಿಕೆಯನ್ನು ಒಂದು ಸೈಜ್ ದಪ್ಪ ಕಡ್ಡಿಯಲ್ಲಿ ಹಾಕಿಕೊಳ್ಳಿ, ಆಮೇಲೆ ನಿಮ್ಮ ಕಡ್ಡಿಗೆ ಬನ್ನಿ.

ಅಟ್ಟದಲ್ಲಿ ಹಳೇ ಕಡ್ಡಿಗಳು ಸಿಕ್ಕಿವೆ. ಅದರಲ್ಲೇ ಹೆಣೆಯಬಹುದಾ?

ಧಾರಾಳವಾಗಿ. ತುದಿ ತರಚಿದೆಯಾ ನೋಡಿ, ಅಷ್ಟೇ. ಉಗುರಿನಿಂದ ಸವರಿದರೆ ಗೊತ್ತಾಗುತ್ತದೆ. ಸ್ಟೀಲ್ ಕಡ್ಡಿಗೆ ತುಕ್ಕು ಹಿಡಿದಿದ್ದರೆ ಬಿಳಿ ದಾರಕ್ಕೆ ಕಲೆ ಬೀಳುತ್ತದೆ. ಅಲ್ಯೂಮಿನಿಯಂಗೆ ತುಕ್ಕು ಬರುವುದಿಲ್ಲ, ಆದರೆ ಬಣ್ಣ ಹೋಗಿದ್ದರೆ ಬೆರಳೂ ದಾರವೂ ಬೂದು ಬಣ್ಣಕ್ಕೆ ತಿರುಗುತ್ತವೆ.

ಎಡವಟ್ಟು ಆಗುವುದು ನಂಬರಿನಲ್ಲಿ. ನಮ್ಮ ಹಳೇ ಕಡ್ಡಿಗಳ ಮೇಲಿರುವುದು ಬ್ರಿಟಿಷರ ಕಾಲದ ನಂಬರು. ಅದರಲ್ಲಿ ನಂಬರು ಜಾಸ್ತಿಯಾದಷ್ಟೂ ಕಡ್ಡಿ ಸಣ್ಣ. 8ನೇ ನಂಬರ್ ಎಂದರೆ 4 ಮಿ.ಮೀ., 10 ಎಂದರೆ 3.25, 12 ಎಂದರೆ 2.75. ಅಮೆರಿಕದ ನಂಬರು ಇದಕ್ಕೆ ಪೂರ್ತಿ ಉಲ್ಟಾ. ಅವರ 10ನೇ ನಂಬರ್ ಕಡ್ಡಿ 6 ಮಿ.ಮೀ., ನಮ್ಮ ಹತ್ತರ ಹತ್ತಿರ ಹತ್ತಿರ ಎರಡರಷ್ಟು ದಪ್ಪ! ಯೂಟ್ಯೂಬ್ ನೋಡಿ "ಹತ್ತನೇ ನಂಬರ್" ಎಂದು ಹೆಣೆದ ನನ್ನ ತಂಗಿಯ ಮಫ್ಲರ್ ಮುಗಿದಾಗ ಅಡಿಕೆ ಚೀಲದ ಹಾಗೆ ಸೆಟೆದು ನಿಂತಿತ್ತು. ಈಗಿನ ಕಡ್ಡಿಗಳ ಮೇಲೆ ಮಿ.ಮೀ. ಬರೆದಿರುತ್ತದೆ. ನಂಬರು ಮರೆತುಬಿಡಿ, ಮಿ.ಮೀ. ನೋಡಿ.

ಮೊದಲು ಏನು ಹೆಣೆಯಲಿ? ಸ್ವೆಟರ್ ಶುರು ಮಾಡಲಾ?

ಬೇಡ. ನೀವು ಬಿಟ್ಟಿದ್ದು ಸ್ವೆಟರಿನಲ್ಲಿ ಇರಬಹುದು, ಶುರು ಮಾಡುವುದು ಅಲ್ಲಿಂದ ಬೇಡ. ಮಫ್ಲರ್ ಕೂಡ ಬೇಡ ಎನ್ನುತ್ತೇನೆ. ಎಲ್ಲರೂ ಮಫ್ಲರ್ ಹೇಳಿಕೊಡುತ್ತಾರೆ, ಸುಲಭ ಅಂತ. ಸುಲಭ ಹೌದು, ಆದರೆ ಐದಡಿ ಒಂದೇ ಥರ ಹೆಣೆಯುವಷ್ಟರಲ್ಲಿ ಬೇಜಾರು ಬಂದು ಅದೂ ಅಟ್ಟ ಸೇರುತ್ತದೆ.

ಕುಲಾವಿ ಹೆಣೆಯಿರಿ. ನಮ್ಮ ಕಡೆ ಯಾವಾಗಲೂ ಯಾರದೋ ಮನೆಯಲ್ಲಿ ಬಾಣಂತನ ನಡೆಯುತ್ತಲೇ ಇರುತ್ತದೆ, ಹಾಗಾಗಿ ಹಾಕಿಕೊಳ್ಳುವ ತಲೆಗೆ ಕೊರತೆ ಇಲ್ಲ. ಮೂರ್ನಾಲ್ಕು ಸಂಜೆಯಲ್ಲಿ ಮುಗಿಯುತ್ತದೆ. ದಾರ 30 ಗ್ರಾಂ ಸಾಕು. ಬಾರ್ಡರ್, ಸೀದಾ, ಉಲ್ಟಾ, ಕುಣಿಕೆ ಇಳಿಸುವುದು, ಹೊಲಿಯುವುದು ಎಲ್ಲ ಪಾಠವೂ ಅದರಲ್ಲೇ ಆಗಿಹೋಗುತ್ತದೆ.

ನನ್ನ ಲೆಕ್ಕ ಹೀಗಿದೆ. ಆಗ ತಾನೇ ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸುಮಾರು 35 ಸೆಂ.ಮೀ. ಹೆಣಿಗೆ ಹಿಗ್ಗುತ್ತದೆ, ಅದಕ್ಕೆ ಟೊಪ್ಪಿ 33 ಸೆಂ.ಮೀ. ಇದ್ದರೆ ಸರಿ. 4 ಮಿ.ಮೀ. ಕಡ್ಡಿ, 10 ಸೆಂ.ಮೀ.ಗೆ 22 ಕುಣಿಕೆ ಬರುವ ದಾರ. 72 ಕುಣಿಕೆ ಹಾಕಿಕೊಳ್ಳಿ. ಎರಡು ಸೀದಾ ಎರಡು ಉಲ್ಟಾ ಮಾಡುತ್ತಾ 3 ಸೆಂ.ಮೀ. ಬಾರ್ಡರ್. ಆಮೇಲೆ ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ, ಬುಡದಿಂದ 10 ಸೆಂ.ಮೀ. ಆಗುವವರೆಗೆ. ಈಗ ನೆತ್ತಿ. ಆರು ಸೀದಾ, ನಂತರ ಎರಡು ಕುಣಿಕೆ ಸೇರಿಸಿ ಒಂದು. ಸಾಲಿನ ಕೊನೆವರೆಗೆ ಹೀಗೇ ಹೋದರೆ 63 ಉಳಿಯುತ್ತದೆ. ಒಂದು ಉಲ್ಟಾ ಸಾಲು. ಮುಂದಿನ ಸೀದಾ ಸಾಲಿನಲ್ಲಿ ಐದು ಸೀದಾ, ಎರಡು ಸೇರಿಸಿ ಒಂದು: 54. ಹೀಗೆ ಒಂಬತ್ತೊಂಬತ್ತು ಇಳಿಯುತ್ತಾ ಕೊನೆಗೆ 9 ಉಳಿಯುತ್ತವೆ. ದಾರ ಕತ್ತರಿಸಿ, ಮೊಂಡು ಸೂಜಿಗೆ ಪೋಣಿಸಿ, ಆ ಒಂಬತ್ತರೊಳಗೂ ಹಾಯಿಸಿ ಬಿಗಿಯಾಗಿ ಎಳೆಯಿರಿ. ಅದೇ ದಾರದಲ್ಲಿ ಹಿಂಬದಿ ಹೊಲಿದುಬಿಡಿ.

ಗದ್ದದ ಕೆಳಗೆ ಕಟ್ಟುವ ದಾರ ಮಾತ್ರ ಹಾಕಬೇಡಿ. ಹಳೇ ಕುಲಾವಿಗಳಲ್ಲಿ ಇರುತ್ತಿತ್ತು, ನೋಡಲು ಚೆಂದ. ಮಗುವಿನ ಕುತ್ತಿಗೆಗೆ ಸುತ್ತಿಕೊಳ್ಳಬಹುದು.

ಅರ್ಧ ಹೆಣೆದು ಬಿಟ್ಟ ಸ್ವೆಟರ್ ಟ್ರಂಕಿನಲ್ಲಿದೆ. ಅದನ್ನೇ ಮುಂದುವರಿಸಲಾ?

ಈ ಪ್ರಶ್ನೆ ಬಂದಾಗಲೆಲ್ಲ ನಾನು ಸ್ವಲ್ಪ ಹೊತ್ತು ಸುಮ್ಮನಿರುತ್ತೇನೆ. ನನ್ನದೂ ಒಂದು ಇತ್ತು. ಅಪ್ಪಯ್ಯನಿಗೆ ಅಂತ ಶುರು ಮಾಡಿದ ತೋಳಿಲ್ಲದ ಸ್ವೆಟರ್, ಕಾಫಿಪುಡಿ ಬಣ್ಣದ್ದು. ಹಿಂಭಾಗ ಪೂರ್ತಿಯಾಗಿತ್ತು, ಮುಂಭಾಗ ಕಂಕುಳವರೆಗೆ ಬಂದಿತ್ತು. ಕಡ್ಡಿಯ ಸಮೇತ ಹಳೇ ಸೀರೆಯಲ್ಲಿ ಸುತ್ತಿಟ್ಟಿದ್ದೆ. ತೆಗೆದಾಗ ಅಪ್ಪಯ್ಯ ಹೋಗಿ ನಾಲ್ಕು ವರ್ಷ ಆಗಿತ್ತು.

ಮುಗಿಸೋಣ ಎಂದು ಕೂತೆ. ಎಂಟು ಸಾಲು ಹೆಣೆದೆ. ಎದುರಿಗೆ ಹಿಡಿದು ನೋಡಿದರೆ ಹಳೆಯದಕ್ಕೂ ಹೊಸದಕ್ಕೂ ನಡುವೆ ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಇಪ್ಪತ್ತೇಳು ವರ್ಷದ ಹುಡುಗಿಯ ಕೈ ಬೇರೆ, ಈಗಿನ ಕೈ ಬೇರೆ. ಅವಳದ್ದು ಸಡಿಲ, ಒಂದೇ ಸಮ. ನನ್ನದು ಬಿಗಿ. ತೊಳೆದರೂ ಆ ಗೆರೆ ಹೋಗುವುದಿಲ್ಲ. ಕಡ್ಡಿಯ ಮೇಲೆ ವರ್ಷಗಟ್ಟಲೆ ಕೂತ ಕುಣಿಕೆಗಳೂ ಜಗ್ಗಿ ಆಕಾರ ಕೆಟ್ಟಿರುತ್ತವೆ.

ಆದ್ದರಿಂದ ನನ್ನ ಸಲಹೆ, ಬಿಚ್ಚಿಬಿಡಿ. ಮನಸ್ಸು ಒಪ್ಪದಿದ್ದರೆ ಅಂಗೈ ಅಗಲದ ಒಂದು ತುಂಡು ಇಟ್ಟುಕೊಂಡು ಉಳಿದದ್ದು ಬಿಚ್ಚಿ. ನಾನು ಅದನ್ನೂ ಇಟ್ಟುಕೊಳ್ಳಲಿಲ್ಲ. ಅಮ್ಮ ದಾರ ಎಳೆದರು, ನಾನು ಕುರ್ಚಿಯ ಬೆನ್ನಿಗೆ ಸುತ್ತುತ್ತಾ ಹೋದೆ. ಸರ ಸರ ಎಂದು ಬಿಚ್ಚಿಕೊಂಡು ಬರುವ ಆ ಸದ್ದು ಒಂಥರಾ ಹಿತ.

ಬಿಚ್ಚಿದ ದಾರ ಶ್ಯಾವಿಗೆಯ ಹಾಗೆ ಸುರುಳಿ ಸುರುಳಿ ಇರುತ್ತದೆ. ಹಾಗೇ ಹೆಣೆದರೆ ಬಟ್ಟೆ ಅಂಕುಡೊಂಕು. ಲಡಿಯನ್ನು ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಅಂಟುವಾಳದ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಹಿಂಡಬೇಡಿ, ಒತ್ತಿ ನೀರು ತೆಗೆಯಿರಿ. ಗೂಟಕ್ಕೆ ನೇತುಹಾಕಿ ಕೆಳಗೆ ಒಂದು ಹಗುರ ಸೌಟು ಸಿಕ್ಕಿಸಿ. ಆ ಭಾರಕ್ಕೆ ದಾರ ನೆಟ್ಟಗಾಗುತ್ತದೆ. ಭಾರ ಜಾಸ್ತಿಯಾದರೆ ದಾರದ ಜೀವವೇ ಹೋಗುತ್ತದೆ, ಹುಷಾರು. ಒಣಗಿದ ಮೇಲೆ ಉಂಡೆ ಮಾಡಿ, ಅದನ್ನೂ ಸಡಿಲವಾಗಿಯೇ.

ಆ ದಾರದಲ್ಲಿ ಆರು ಕುಲಾವಿ ಆದವು. ಎರಡು ಈಗಲೂ ನಮ್ಮ ಓಣಿಯಲ್ಲೇ ಓಡಾಡುತ್ತಿವೆ.

ನನ್ನ ಹತ್ತಿರ ಇರುವ ದಾರ ನಿಜವಾದ ಉಣ್ಣೆಯಾ, ಅಕ್ರಿಲಿಕ್ಕಾ? ಹೇಗೆ ಗೊತ್ತಾಗುತ್ತದೆ?

ಒಂದು ಗೇಣು ದಾರ ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ಬಚ್ಚಲಲ್ಲಿ ನಿಂತು ಬೆಂಕಿಕಡ್ಡಿ ಗೀರಿ. ಕೂದಲು ಸುಟ್ಟ ವಾಸನೆ ಬಂದು, ಉರಿ ತಾನಾಗಿ ಆರಿ, ಕರಿ ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ತೊಟ್ಟಿಕ್ಕಿ, ತುದಿಯಲ್ಲಿ ಗಟ್ಟಿ ಮಣಿಯ ಹಾಗೆ ಉಳಿದರೆ ಅಕ್ರಿಲಿಕ್. ನಾವು "ಉಲ್ಲನ್" ಎಂದು ಕರೆಯುವುದರಲ್ಲಿ ಬಹುಪಾಲು ಅಕ್ರಿಲಿಕ್ಕೇ.

ಹಾಗಂತ ಅಕ್ರಿಲಿಕ್ ಕೀಳಲ್ಲ. ಅದಕ್ಕೆ ಹುಳ ಹಿಡಿಯುವುದಿಲ್ಲ, ತೊಳೆಯುವುದು ಸುಲಭ, ಮಕ್ಕಳ ಚರ್ಮಕ್ಕೆ ಚುಚ್ಚುವುದು ಕಮ್ಮಿ. ಇಸ್ತ್ರಿ ಮಾತ್ರ ಮುಟ್ಟಿಸಬೇಡಿ, ಒಮ್ಮೆ ಚಪ್ಪಟೆಯಾದರೆ ಮತ್ತೆ ಏಳುವುದಿಲ್ಲ.

ಮಲೆನಾಡಿಗೆ ಯಾವುದು ಒಳ್ಳೆಯದು?

ನಮ್ಮದು ಶಿಮ್ಲಾದ ಚಳಿ ಅಲ್ಲ. ಶಿವಮೊಗ್ಗ ಪೇಟೆಯಲ್ಲಿ ಮಾಗಿಯ ಬೆಳಗು ಬಿಟ್ಟರೆ ದಪ್ಪ ಸ್ವೆಟರಿಗೆ ಕೆಲಸವೇ ಇಲ್ಲ. ಘಟ್ಟದ ಕಡೆ ಹೋದಂತೆ ಕಥೆ ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ. ಅಲ್ಲಿಯದು ಒದ್ದೆ ಚಳಿ, ಮೈಗೆ ಅಂಟುವ ಚಳಿ. ಉಣ್ಣೆಯ ಗುಣ ಗೊತ್ತಾಗುವುದು ಅಲ್ಲೇ. ಅದು ತನ್ನ ತೂಕದ ಸುಮಾರು ಶೇ. 30ರಷ್ಟು ತೇವ ಹೀರಿಕೊಂಡರೂ ಒದ್ದೆ ಅನ್ನಿಸುವುದಿಲ್ಲ. ಹಳಬರು ಜಡಿಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆ ನಾಟಿಗೆ ಹೋಗುತ್ತಿದ್ದುದು ಸುಮ್ನೆ ಅಲ್ಲ. (ಕಂಬಳಿ ಹೆಣಿಗೆಯಲ್ಲ, ಮಗ್ಗದ ನೇಯ್ಗೆ. ಚಳ್ಳಕೆರೆ ಕಡೆಯದಕ್ಕೆ ಹೆಸರು ಜಾಸ್ತಿ. ಅದರ ಉಣ್ಣೆ ಒರಟು, ಸ್ವೆಟರಿಗೆ ಆಗಿಬರುವುದಿಲ್ಲ.)

ನಾನು ಮಾಡುವುದು ಇಷ್ಟು: ಮಗುವಿಗೆ ಮೆತ್ತನೆಯ ಅಕ್ರಿಲಿಕ್ ಅಥವಾ ಹತ್ತಿ ದಾರ, ತೋಟಕ್ಕೆ ಹೋಗುವವರಿಗೆ ಉಣ್ಣೆ, ಮಾಗಿಯಲ್ಲಿ ವಾಕಿಂಗ್ ಹೋಗುವವರಿಗೆ ಎರಡೂ ಬೆರೆತದ್ದು. ತೋಳಿಲ್ಲದ ದೊಡ್ಡವರ ಸ್ವೆಟರಿಗೆ 250ರಿಂದ 300 ಗ್ರಾಂ, ತೋಳಿದ್ದರೆ 400ರಿಂದ 500 ಗ್ರಾಂ ಹಿಡಿಯುತ್ತದೆ.

ಅಂಗಡಿಯಲ್ಲಿ ದಾರ ತೆಗೆದುಕೊಳ್ಳುವಾಗ ಏನು ನೋಡಬೇಕು?

ಲಾಟ್ ನಂಬರ್, ಅಂದರೆ ಒಟ್ಟಿಗೆ ಬಣ್ಣ ಹಾಕಿದ ದಾರದ ಗುರುತು. ಬಣ್ಣದ ಹೆಸರು ಒಂದೇ ಇದ್ದರೂ ಲಾಟ್ ಬೇರೆಯಾದರೆ ಬಣ್ಣ ಒಂದು ಕೂದಲೆಳೆ ಬೇರೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಕಾಣುವುದಿಲ್ಲ, ಅಂಗಳದ ಬಿಸಿಲಿನಲ್ಲಿ ಕಾಣುತ್ತದೆ. ನನ್ನದೊಂದು ಹಸಿರು ಸ್ವೆಟರಿನ ಎಡತೋಳು ಎಲೆಯಡಿಕೆ ಹಸಿರು, ಬಲತೋಳು ಪಾಚಿ ಹಸಿರು. ಒಂದು ಉಂಡೆ ಜಾಸ್ತಿಯೇ ತನ್ನಿ. ಉಳಿದರೆ ಕುಲಾವಿ ಇದೆಯಲ್ಲ.

ಸ್ಯಾಂಪಲ್ ತುಂಡು ಹೆಣೆಯಲೇಬೇಕಾ? ದೊಡ್ಡಮ್ಮನವರು ಹೆಣೆಯುತ್ತಿರಲಿಲ್ಲ.

ಅವರು ಮೂವತ್ತು ವರ್ಷ ಒಂದೇ ಕಡ್ಡಿ, ಒಂದೇ ಥರದ ದಾರ ಹಿಡಿದವರು. ಅವರ ಕೈಯೇ ಅಳತೆಗೋಲು. ನಮ್ಮದು ಹಾಗಲ್ಲ.

ಲೆಕ್ಕ ನೋಡಿ. 38 ಇಂಚಿನ ಸ್ವೆಟರ್ ಎಂದರೆ ಸುತ್ತ 96.5 ಸೆಂ.ಮೀ. ಪುಸ್ತಕದವರು 10 ಸೆಂ.ಮೀ.ಗೆ 22 ಕುಣಿಕೆ ಎಂದು 212 ಕುಣಿಕೆ ಹೇಳಿರುತ್ತಾರೆ. ನಿಮ್ಮ ಕೈಗೆ 20 ಬಂದರೆ ಅದೇ 212 ಕುಣಿಕೆ 106 ಸೆಂ.ಮೀ. ಆಗುತ್ತದೆ, ಸುಮಾರು 42 ಇಂಚು. ಎರಡೇ ಎರಡು ಕುಣಿಕೆಯ ವ್ಯತ್ಯಾಸಕ್ಕೆ ಗಂಡನ ಸ್ವೆಟರ್ ಭಾವನಿಗೆ ಹೋಗುತ್ತದೆ. 15 ಸೆಂ.ಮೀ. ಚೌಕದ ತುಂಡು ಹೆಣೆದು, ತೊಳೆದು ಒಣಗಿಸಿ, ನಡುವಿನ 10 ಸೆಂ.ಮೀ. ಮಾತ್ರ ಎಣಿಸಿ. ಕುಣಿಕೆ ಕಮ್ಮಿ ಬಂದರೆ ಸಣ್ಣ ಕಡ್ಡಿ, ಜಾಸ್ತಿ ಬಂದರೆ ದಪ್ಪ ಕಡ್ಡಿ. ಕುಲಾವಿಗೆ ಇದೆಲ್ಲ ಬೇಡ, ಯಾವುದೋ ಒಂದು ತಲೆಗೆ ಆಗುತ್ತದೆ.

ಕುಣಿಕೆ ತಾನಾಗೇ ಜಾಸ್ತಿ ಆಗುತ್ತಿದೆ. 72 ಇದ್ದದ್ದು 76 ಆಗಿದೆ!

ದೆವ್ವ ಅಲ್ಲ. ಬಿಟ್ಟು ಶುರು ಮಾಡಿದವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಹೀಗಾಗುತ್ತದೆ. ಕಾರಣ ಎರಡು. ಸಾಲು ತಿರುಗಿಸಿದಾಗ ದಾರವನ್ನು ಕಡ್ಡಿಯ ಮೇಲಿಂದ ಹಿಂದಕ್ಕೆ ಎಳೆದರೆ ಮೊದಲ ಕುಣಿಕೆಯ ಎರಡು ಕಾಲು ಮೇಲೆದ್ದು ಎರಡು ಕುಣಿಕೆಯ ಹಾಗೆ ಕಾಣುತ್ತವೆ, ನಾವು ಎರಡನ್ನೂ ಹೆಣೆದುಬಿಡುತ್ತೇವೆ. ಇನ್ನೊಂದು ಬಾರ್ಡರಿನಲ್ಲಿ. ಉಲ್ಟಾದಿಂದ ಸೀದಾಕ್ಕೆ ಬರುವಾಗ ದಾರ ಹಿಂದಕ್ಕೆ ಹೋಗಬೇಕು, ಎರಡು ಕಡ್ಡಿಗಳ ನಡುವಿನಿಂದ. ಮರೆತರೆ ದಾರ ಕಡ್ಡಿಯ ಮೇಲೆ ಹಾದು ಹೊಸ ಕುಣಿಕೆ ಹುಟ್ಟುತ್ತದೆ, ಅದರ ಕೆಳಗೆ ಒಂದು ತೂತು. ಪ್ರತಿ ನಾಲ್ಕು ಸಾಲಿಗೆ ಒಮ್ಮೆ ಎಣಿಸಿ.

ಕುಣಿಕೆ ಜಾರಿ ಕೆಳಗೆ ಇಳಿದುಹೋಯಿತು. ಎಲ್ಲ ಬಿಚ್ಚಬೇಕಾ?

ಬೇಡ. ಮೊದಲು ಕೂಗಾಡುವುದು ನಿಲ್ಲಿಸಿ, ಬಟ್ಟೆ ಎಳೆಯಬೇಡಿ. ಜಾರಿದ ಕುಣಿಕೆಯ ಮೇಲೆ ಏಣಿಯ ಮೆಟ್ಟಿಲಿನ ಹಾಗೆ ಅಡ್ಡದಾರಗಳು ಕಾಣುತ್ತವೆ. ಸೀದಾ ಬದಿ ನಿಮ್ಮ ಕಡೆ ಇರಲಿ. ಕ್ರೋಶಾ ಕಡ್ಡಿಯನ್ನು ಕುಣಿಕೆಯೊಳಗೆ ಮುಂದಿನಿಂದ ತೂರಿಸಿ, ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲನ್ನು ಕೊಕ್ಕೆಯಲ್ಲಿ ಹಿಡಿದು, ಕುಣಿಕೆಯ ಮೂಲಕ ಹೊರಗೆ ಎಳೆಯಿರಿ. ಒಂದು ಮೆಟ್ಟಿಲು ಹತ್ತಿದಿರಿ. ಮುಂದಿನದು, ಅದರ ಮುಂದಿನದು. ಮೇಲೆ ಬಂದ ಮೇಲೆ ಕಡ್ಡಿಗೆ ಏರಿಸಿ. ಮೊದಲ ಸಲ ಇದನ್ನು ಸರಿ ಮಾಡಿದ ದಿನ ನಾನು ಮನೆಮಂದಿಗೆಲ್ಲ ತೋರಿಸಿಕೊಂಡು ತಿರುಗಿದ್ದೆ. ಯಾರಿಗೂ ಏನೂ ಕಾಣಲಿಲ್ಲ. ಕಾಣಬಾರದು ಎನ್ನುವುದೇ ವಿಷಯ ಅಲ್ವಾ.

ಕಣ್ಣು ಸರಿಯಾಗಿ ಕಾಣಲ್ಲ, ಬೆರಳು ನೋಯುತ್ತದೆ. ಈ ವಯಸ್ಸಲ್ಲಿ ಬೇಕಾ?

ಕಪ್ಪು, ಕಡುನೀಲಿ, ಕಾಫಿ ಬಣ್ಣ ಬಿಡಿ. ತಿಳಿಹಳದಿ, ತಿಳಿಹಸಿರು ಹಿಡಿಯಿರಿ, ಕುಣಿಕೆ ತಾವಾಗಿ ಕಾಣುತ್ತವೆ. ಮಡಿಲಲ್ಲಿ ಬಿಳಿ ಟವೆಲ್ ಹಾಸಿಕೊಂಡರೆ ಇನ್ನೂ ಸಲೀಸು. ಮಳೆಗಾಲದಲ್ಲಿ ಕರೆಂಟ್ ನಂಬಿಕೊಳ್ಳಬೇಡಿ, ಲೆಕ್ಕದ ಸಾಲುಗಳನ್ನು ಹಗಲಲ್ಲೇ ಮುಗಿಸಿ. ಅಡಿಕೆ ಸುಲಿತದ ಕಾಲದಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಎದ್ದವರು ಅದೇ ರಾತ್ರಿ ಕಡ್ಡಿ ಹಿಡಿಯಬೇಡಿ. ಬೆರಳಿನ ಬಿರುಕಿಗೆ ದಾರ ಸಿಕ್ಕಿಕೊಳ್ಳುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಕೈ ಕೊಡವಿ. ಬಿದಿರಿನ ಕಡ್ಡಿ ಹಗುರ, ಕೈಗೆ ತಣ್ಣಗೂ ಕೊರೆಯುವುದಿಲ್ಲ. ಮರಗಟ್ಟುವುದು, ರಾತ್ರಿ ಜುಮ್ಮೆನ್ನುವುದು ಇದ್ದರೆ ಡಾಕ್ಟರನ್ನು ಕೇಳಿ, ನನ್ನನ್ನಲ್ಲ.

ತೊಳೆಯುವುದು, ಒಣಗಿಸುವುದು, ಮಳೆಗಾಲದಲ್ಲಿ ಇಡುವುದು ಹೇಗೆ?

ನಾನು ಮಾಡಿದ ತಪ್ಪುಗಳನ್ನೇ ಹೇಳುತ್ತೇನೆ. ಒಂದು, ಅಪ್ಪಟ ಉಣ್ಣೆಯ ಸ್ವೆಟರನ್ನು ವಾಷಿಂಗ್ ಮಷಿನ್‌ಗೆ ಬಿಸಿನೀರಿನಲ್ಲಿ ಹಾಕಿದೆ. ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂಥ ಪದರ ಇರುತ್ತದೆ. ಬಿಸಿ, ಸೋಪು, ತಿಕ್ಕಾಟ ಸೇರಿದರೆ ಒಂದಕ್ಕೊಂದು ಸಿಕ್ಕಿಕೊಂಡು ಜಡೆಗಟ್ಟುತ್ತವೆ. ಹೊರಗೆ ಬಂದದ್ದು ದಪ್ಪ ರಟ್ಟಿನಂಥ ಒಂದು ವಸ್ತು. ಈಗ ಅದು ಕುಕ್ಕರ್ ಇಳಿಸಲು ಇದೆ. ಇನ್ನೊಂದು, ಬಿಡದ ಮಳೆ ಎಂದು ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ಒದ್ದೆ ಸ್ವೆಟರ್ ನೇತುಹಾಕಿದೆ. ನೀರಿನ ಭಾರಕ್ಕೆ ತೋಳು ನಾಲ್ಕು ಇಂಚು ಉದ್ದವಾಯಿತು. ಹೊಗೆ ವಾಸನೆ ಬೇರೆ.

ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರು, ಅಂಟುವಾಳ. ಒಣ ಟವೆಲಿನಲ್ಲಿ ಸುರುಳಿ ಸುತ್ತಿ ಮೇಲೆ ನಿಂತು ತುಳಿಯಿರಿ. ಚಾಪೆಯ ಮೇಲೆ ಹರವಿ ಫ್ಯಾನ್ ಹಾಕಿ.

ಇಡುವಾಗ ನಮ್ಮ ಕಡೆ ಹುಳಕ್ಕಿಂತ ಬೂಷ್ಟಿನ ಕಾಟ ಜಾಸ್ತಿ. ಪೂರ್ತಿ ಒಣಗದೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಬೇಡಿ. ಬಿಸಿಲು ಬಿದ್ದ ದಿನ ತೆಗೆದು ಕೊಡವಿ. ಬೇವಿನ ಸೊಪ್ಪು, ಲಾವಂಚ ಇಡಬಹುದು. ಅವು ಹುಳವನ್ನು ದೂರ ಇಡಲು ನೋಡುತ್ತವೆ, ಕೊಲ್ಲುವುದಿಲ್ಲ. ಮಗುವಿನ ಬಟ್ಟೆಯ ಹತ್ತಿರ ನುಸಿಗುಳಿಗೆ ಮಾತ್ರ ಬೇಡವೇ ಬೇಡ. ಕೆಲವು ಮಕ್ಕಳಿಗೆ ಹುಟ್ಟಿನಿಂದ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ. ಅಂಥವರಿಗೆ ಆ ಗುಳಿಗೆಯ ಆವಿಯಿಂದ ರಕ್ತದ ಕಣಗಳು ಒಡೆದುಹೋಗುತ್ತವೆ. ಟ್ರಂಕಿನಿಂದ ತೆಗೆದ ಹಳೇ ಕುಲಾವಿಯನ್ನು ಹಾಗೇ ತೊಡಿಸಬೇಡಿ.

ಗಂಡಸರು ಹೆಣೆಯಬಹುದಾ?

ಪೆರು ದೇಶದ ಟಕೀಲೆ ದ್ವೀಪದಲ್ಲಿ ಟೊಪ್ಪಿ ಹೆಣೆಯುವುದು ಗಂಡಸರದೇ ಕೆಲಸ. ನಮ್ಮ ಮನೆಯಲ್ಲಿ ಇನ್ನೂ ಲಡಿ ಹಿಡಿಯುವ ಮಟ್ಟಕ್ಕೆ ಬಂದಿದ್ದಾರೆ.

ಪ್ಯಾಟರ್ನ್ ಎಲ್ಲ ಇಂಗ್ಲಿಷಿನಲ್ಲಿದೆ. ಅರ್ಥ ಆಗಲ್ಲ.

ಕಲಿಯಬೇಕಾದದ್ದು ಹತ್ತು ಹದಿನೈದು ಗುರುತು ಅಷ್ಟೇ. ಕೆ ಎಂದರೆ ಸೀದಾ, ಪಿ ಎಂದರೆ ಉಲ್ಟಾ, ಕೆ2 ಟಾಗ್ ಎಂದರೆ ಎರಡು ಸೇರಿಸಿ ಒಂದು. ಅವನ್ನು ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಳ್ಳಿ. ಚೌಕಮನೆಯ ಚಿತ್ರ ಇರುವ ಪ್ಯಾಟರ್ನ್ ಸಿಕ್ಕರೆ ಭಾಷೆಯೇ ಬೇಡ, ರಂಗೋಲಿಯ ಚುಕ್ಕಿ ಓದಿದ ಹಾಗೆ ಓದಬಹುದು.

ಅಂಗಡಿಯಲ್ಲಿ ಕಮ್ಮಿ ಬೆಲೆಗೆ ಸ್ವೆಟರ್ ಸಿಗುವಾಗ ಇಷ್ಟು ಕಷ್ಟ ಯಾಕೆ?

ದುಡ್ಡು ಉಳಿಸಲು ಅಂದುಕೊಂಡಿದ್ದರೆ ಈಗಲೇ ಬಿಟ್ಟುಬಿಡಿ. ಚಳಿಗಾಲದಲ್ಲಿ ಟಿಬೆಟನ್ನರು ಪೇಟೆಗೆ ತರುವ ಸ್ವೆಟರುಗಳಲ್ಲಿ ಬಹಳಷ್ಟು ಲುಧಿಯಾನದ ಮಷಿನ್ ಮಾಲು, ಆ ಬೆಲೆಗೆ ನಮಗೆ ದಾರವೂ ಬರುವುದಿಲ್ಲ. ತೋಳಿಲ್ಲದ ಒಂದು ಸ್ವೆಟರಿಗೆ ನನಗೆ 35 ಗಂಟೆ ಹಿಡಿಯುತ್ತದೆ. ನನಗೆ ಬೇಕಾಗಿದ್ದೇ ಆ 35 ಗಂಟೆ. ಟಿವಿ ಮುಂದೆ ಕೂತರೂ ಕೈ ಖಾಲಿ ಇರುವುದಿಲ್ಲ, ಜನಶತಾಬ್ದಿಯಲ್ಲಿ ಬೆಂಗಳೂರು ಮುಟ್ಟುವಷ್ಟರಲ್ಲಿ ಅರ್ಧ ಕುಲಾವಿ.

"ನನಗೂ ಒಂದು ಹೆಣೆದುಕೊಡಿ" ಅಂತಾರೆ. ಏನು ಹೇಳಲಿ?

ಇದಕ್ಕೆ ಉತ್ತರ ಕಂಡುಹಿಡಿಯಲು ನನಗೆ ಎರಡು ವರ್ಷ, ನಾಲ್ಕು ಬಿಟ್ಟಿ ಸ್ವೆಟರ್ ಬೇಕಾಯಿತು. ಈಗ ಹೀಗೆ ಹೇಳುತ್ತೇನೆ: "ಆಗಲಿ, ದಾರ ತಗೊಂಡು ಭಾನುವಾರ ಮಧ್ಯಾಹ್ನ ಬನ್ನಿ, ಪಕ್ಕದಲ್ಲಿ ಕೂತು ಉಂಡೆ ಮಾಡಿಕೊಡಿ, ಶುರು ಮಾಡೋಣ." ಹತ್ತರಲ್ಲಿ ಒಂಬತ್ತು ಮಂದಿ ಬರುವುದಿಲ್ಲ. ಇದುವರೆಗೆ ಮೂವರು ಬಂದಿದ್ದಾರೆ. ಅದರಲ್ಲಿ ಒಬ್ಬಳು ನಮ್ಮ ಮೇಲಿನ ಮನೆಯ ಹುಡುಗಿ. ಉಂಡೆ ಸುತ್ತುತ್ತಾ ಸುತ್ತುತ್ತಾ ನನ್ನ ಹಳೇ ಎಂಟನೇ ನಂಬರ್ ಕಡ್ಡಿ ಕೇಳಿ ತೆಗೆದುಕೊಂಡು ಹೋದವಳು ಇನ್ನೂ ವಾಪಸ್ ಕೊಟ್ಟಿಲ್ಲ. ಮೊನ್ನೆ ಮೆಟ್ಟಿಲ ಮೇಲಿಂದಲೇ ಕೇಳಿದಳು, "ಆಂಟೀ, 72 ಇದ್ದದ್ದು 75 ಆಗಿದೆ, ಯಾಕೆ?"